ದಾನಪ್ಪ ‘ನಂದು’ ಎಂದ ಚೆಂಡು

ವಿಶ್ವವಿದ್ಯಾಲಯಕ್ಕೆ ಅರವತ್ತು ತುಂಬಿದ ವರ್ಷ ಕುಲಸಚಿವರ ಕಚೇರಿಯಿಂದ ನನಗೊಂದು ನಮೂನೆ ಬಂತು. ಸ್ಮರಣ ಸಂಚಿಕೆಗಾಗಿ ಬೇಸ್‌ಬಾಲ್ ತಂಡದ ಇತಿಹಾಸವನ್ನು ಎರಡು ಪುಟ ಮೀರದಂತೆ ಬರೆದುಕೊಡಬೇಕು ಎಂದಿತ್ತು. ಕೊನೆಯಲ್ಲಿ ಮೂರು ಖಾಲಿ ಜಾಗ ಬಿಟ್ಟಿದ್ದರು: ಆಡಿದ ಪಂದ್ಯಗಳು, ಸೋತವು, ಗೆದ್ದವು. ಮೊದಲ ಎರಡನ್ನು ನಿಂತ ಕಾಲ ಮೇಲೆ ತುಂಬಿದೆ. ಹನ್ನೊಂದು, ಹತ್ತು. ಮೂರನೆಯದನ್ನು ತುಂಬುವ ಅಧಿಕಾರ ಇಡೀ ಊರಿನಲ್ಲಿ ನನ್ನೊಬ್ಬಳಿಗೇ ಇತ್ತು, ಆದರೂ ತುಂಬುವಂತಿರಲಿಲ್ಲ. ಹನ್ನೊಂದನೆಯ ಪಂದ್ಯ ಇನ್ನೂ ನಡೆಯುತ್ತಿತ್ತು. ಮೂವತ್ತೆಂಟು ವರ್ಷದಿಂದ ನಡೆಯುತ್ತಿತ್ತು. ನಾನು, ಗ್ರಂಥಾಲಯದ ನಿಂಬಕ್ಕ, ಅದರ ಅಂಪೈರು.

ನಮ್ಮ ಊರಿನಲ್ಲಿ ಆಳೆತ್ತರ ದಾಟಿ ಮೇಲಕ್ಕೆ ಎಸೆದ ವಸ್ತು ತನಗೆ ಮನಸ್ಸು ಬಂದಾಗ ಕೆಳಗೆ ಬರುತ್ತದೆ. ಒಮ್ಮೊಮ್ಮೆ ಮರುದಿನ, ಒಮ್ಮೊಮ್ಮೆ ಮೊಮ್ಮಕ್ಕಳ ಕಾಲಕ್ಕೆ. ಎಲ್ಲಿ ಬೀಳಬೇಕಿತ್ತೋ ಅಲ್ಲೇ, ಹತ್ತು ಹೆಜ್ಜೆ ಆಚೀಚೆ ಬೀಳುತ್ತದೆ, ಆ ವಿಷಯದಲ್ಲಿ ಮೋಸವಿಲ್ಲ. ಹಾಗಾಗಿ ನಮ್ಮಲ್ಲಿ ಮದುವೆಯ ಅಕ್ಷತೆಯನ್ನು ಎಸೆಯುವುದಿಲ್ಲ, ಸಾಲಾಗಿ ಹೋಗಿ ವಧೂವರರ ತಲೆಯ ಮೇಲೆ ಇಟ್ಟು ಬರುತ್ತೇವೆ. ಹಿಂದೊಮ್ಮೆ ಉತ್ಸಾಹ ತಡೆಯದೆ ಎಸೆದ ಅಕ್ಷತೆ ಆರು ವರ್ಷ ಬಿಟ್ಟು ಅದೇ ಅಂಗಳದಲ್ಲಿ ಬೇರೊಂದು ಜೋಡಿಯ ನಿಶ್ಚಿತಾರ್ಥದಲ್ಲಿ ಬಿತ್ತು. ಅವರ ನಿಶ್ಚಿತಾರ್ಥವನ್ನೇ ಮದುವೆ ಎಂದು ಹಿರಿಯರು ತೀರ್ಮಾನಿಸಿ ಊಟ ಹಾಕಿದರು. ಅಜ್ಜನ ಜಗಳದಲ್ಲಿ ತೂರಿದ ಚಪ್ಪಲಿ ಮೊಮ್ಮಗನ ಬೆನ್ನಿಗೆ ಬಿದ್ದರೆ ನಾವು ಅದನ್ನು ಹೊಸ ಜಗಳ ಎಂದು ಎಣಿಸುವುದಿಲ್ಲ. ಗಂಡಸರು ದಪ್ಪ ರುಮಾಲು ಸುತ್ತುತ್ತಾರೆ, ಹೆಂಗಸರು ತಲೆಯ ಮೇಲೊಂದು ಸಿಂಬಿ ಇಟ್ಟುಕೊಂಡೇ ಪೇಟೆಗೆ ಹೋಗುತ್ತಾರೆ. ಯಾರಾದರೂ ‘ಮ್ಯಾಲ!’ ಎಂದು ಕೂಗಿದರೆ ಎಲ್ಲರೂ ತಲೆ ಮುಚ್ಚಿಕೊಳ್ಳುತ್ತೇವೆ. ಅಷ್ಟೇ. ಉಳಿದಂತೆ ನಾವೂ ಎಲ್ಲರ ಹಾಗೆಯೇ.

ಇಂಥ ಊರಿನ ವಿಶ್ವವಿದ್ಯಾಲಯಕ್ಕೆ ಬೇಸ್‌ಬಾಲ್ ಯಾಕೆ ಬೇಕಿತ್ತು ಎಂದು ಹೊರಗಿನವರು ಕೇಳುತ್ತಾರೆ. ಕ್ರಿಕೆಟ್ಟಿನ ದೆಸೆಯಿಂದ. ಮೊದಲ ವರ್ಷವೇ ಕ್ರಿಕೆಟ್ ತಂಡ ಕಟ್ಟಿ, ಪಕ್ಕದ ಜಿಲ್ಲೆಯವರನ್ನು ಕರೆಸಿ, ನಾಣ್ಯ ಚಿಮ್ಮಿದರು. ನಾಣ್ಯ ಬರಲಿಲ್ಲ. ಬಂದವರು ಎರಡು ದಿನ ಉಪ್ಪಿಟ್ಟು ತಿಂದು ಊರಿಗೆ ಹೋದರು. ಹದಿನೆಂಟು ವರ್ಷದ ಮೇಲೆ ನಾಣ್ಯ ಬಂದಾಗ ಆ ಜಾಗದಲ್ಲಿ ತರ್ಕಶಾಸ್ತ್ರದ ಕೊಠಡಿ ಕಟ್ಟಿದ್ದರು. ಅದು ಹೆಂಚು ಒಡೆದು ಮೇಜಿನ ಮೇಲೆ ಬಿದ್ದು ಉರುಳುತ್ತಿದ್ದಾಗ ಮೇಷ್ಟರು ಅಂಗೈಯಿಂದ ಮುಚ್ಚಿ, ‘ತಲೆಯೋ ಹೂವೋ ಅಂತ ಅವತ್ತು ಯಾರು ಏನು ಕೇಳಿದ್ದರು?’ ಎಂದು ವಿಚಾರಿಸಿದರು. ಯಾರಿಗೂ ನೆನಪಿರಲಿಲ್ಲ. ಆಗ ಪ್ರೊಫೆಸರ್ ಕೊಟ್ರಬಸಪ್ಪನವರು ಬೇಸ್‌ಬಾಲ್ ಆಟಕ್ಕೆ ನಾಣ್ಯ ಚಿಮ್ಮುವ ಗೋಜಿಲ್ಲ, ಹೊರಗಿನವರು ಮೊದಲು ಬ್ಯಾಟ್ ಬೀಸುತ್ತಾರೆ, ಮನೆಯವರು ಆಮೇಲೆ ಎಂಬುದನ್ನು ಎಲ್ಲೋ ಓದಿ, ಸಮುದ್ರದಾಚೆಯಿಂದ ಒಂದು ಬ್ಯಾಟು, ಚೆಂಡು ಹಿಡಿಯಲು ಕೈಗೆ ತೊಡುವ ಒಂಬತ್ತು ಚರ್ಮದ ಕೈಚೀಲ, ಗೆದ್ದಲು ಹತ್ತಿದ ಒಂದು ನಿಯಮಪುಸ್ತಕ ತರಿಸಿದರು. ಆ ಪುಸ್ತಕವನ್ನು ಪೂರ್ತಿ ಓದಿದ್ದು ಬಿ.ಎ. ಮೊದಲ ವರ್ಷದಲ್ಲಿದ್ದ ನಾನೊಬ್ಬಳೇ. ಅದಕ್ಕೆ ಅಂಪೈರಾದೆ.

ನಮ್ಮ ಹುಡುಗರಿಗೆ ಕಲಿಸಿದ್ದು ಒಂದೇ ಪಾಠ: ನೆಲಕ್ಕೆ ಹೊಡಿ. ಸೊಂಟ ಬಗ್ಗಿಸಿ, ಚೆಂಡನ್ನು ಕಸ ಗುಡಿಸಿದಂತೆ ಗುಡಿಸುತ್ತಿದ್ದರು. ಅದನ್ನು ಎದುರಾಳಿಗಳು ನಡೆದುಕೊಂಡು ಬಂದು ಎತ್ತಿಕೊಳ್ಳುತ್ತಿದ್ದರು. ಹೀಗೆ ಹತ್ತು ಪಂದ್ಯ ಸೋತೆವು. ಯಾರಿಗೂ ಬೇಸರವಿರಲಿಲ್ಲ. ಸೋಲಾದರೂ ಅದೇ ದಿನ ಮುಗಿಯುತ್ತಿತ್ತಲ್ಲ.

ಹನ್ನೊಂದನೆಯ ಪಂದ್ಯ ಹೊರ ಊರಿನ ಪಶುವೈದ್ಯ ಕಾಲೇಜಿನ ಮೇಲೆ. ಅದ್ಯಾವ ಪುಣ್ಯವೋ, ಕೊನೆಯ ಸರದಿಯ ಹೊತ್ತಿಗೆ ನಾವು ಒಂದು ಓಟ ಮುಂದಿದ್ದೆವು. ಅವರ ಕಡೆಯ ಹುಡುಗ ಮೌಲಾಸಾಬ ಬ್ಯಾಟ್ ಹಿಡಿದು ಬಂದ. ಅವನೊಬ್ಬ ಔಟಾದರೆ ಗೆಲುವು ನಮ್ಮದು. ಅವರ ಇಬ್ಬರು ನಡುವಿನ ದಿಂಬುಗಳ ಮೇಲೆ ಓಡಲು ಕಾದಿದ್ದರು. ಬೇಸ್ ಎಂಬುದಕ್ಕೆ ನಮ್ಮಲ್ಲಿ ದಿಂಬು ಎಂದೇ ಹೆಸರು, ಗೋಣಿಬಟ್ಟೆಯಲ್ಲಿ ಹೊಟ್ಟು ತುಂಬಿ ಹೊಲಿದದ್ದು. ‘ಮೇಲಕ್ಕೆ ಹೊಡೆಯಬಾರದು’ ಎಂದು ಹಲಗೆ ಬರೆಸಿ ನಿಲ್ಲಿಸಿದ್ದೆವು. ಮೌಲಾಸಾಬ ಅದನ್ನು ಓದಿದ್ದ, ತಲೆಯಾಡಿಸಿಯೂ ಇದ್ದ. ಆದರೆ ಚೆಂಡು ಬಂದಾಗ ಕೈ ಕೇಳಲಿಲ್ಲ. ಬೀಸಿದ. ಚೆಂಡು ಎಡ ಮೈದಾನದ ಮೇಲೆ ಏರಿತು, ಏರುತ್ತಲೇ ಹೋಯಿತು, ಕಾಣದಾಯಿತು.

ಎಡ ಮೈದಾನದಲ್ಲಿ ನಮ್ಮ ನಾಲ್ಕು ಜನ ಅದರಡಿಗೆ ನುಗ್ಗಿದ್ದರು. ಅವರಲ್ಲಿ ದಾನಪ್ಪ ಎರಡೂ ಕೈ ಎತ್ತಿ ‘ನಂದು!’ ಎಂದು ಕೂಗಿದ. ಆಟದ ಪದ್ಧತಿಯೇ ಅದು. ಒಬ್ಬ ‘ನಂದು’ ಎಂದರೆ ಉಳಿದವರು ಹಿಂದೆ ಸರಿಯಬೇಕು. ಮೂವರೂ ಸರಿದರು. ದಾನಪ್ಪ ಇಪ್ಪತ್ತೆರಡರ ಹುಡುಗ, ಅದುವರೆಗೆ ಹತ್ತು ಪಂದ್ಯದಲ್ಲಿ ಒಂದು ಚೆಂಡನ್ನೂ ಮುಟ್ಟಿದವನಲ್ಲ. ಅವನು ಮುಖವೆತ್ತಿ ನಿಂತ. ಅವರ ಇಬ್ಬರು ಓಡಿ ಮುಗಿಸಿ, ಬೆವರು ಒರೆಸಿಕೊಂಡು, ಸಂಜೆಯ ಬಸ್ಸಿಗೆ ಊರಿಗೆ ಹೋದರು. ಚೆಂಡು ನೆಲಕ್ಕೆ ಬಿದ್ದರೆ ಆ ಎರಡು ಓಟ ಅವರಿಗೆ, ನಮ್ಮ ಪಾಲಿನ ಕೊನೆಯ ಸರದಿ ಉಳಿದಿದ್ದರೂ ನೆಲ ಗುಡಿಸುವವರಿಂದ ಅದು ತೀರುವ ಮಾತಲ್ಲ, ಗೆಲುವೂ ಅವರಿಗೆ. ದಾನಪ್ಪ ಹಿಡಿದರೆ ನಮಗೆ. ಅಲ್ಲಿಯವರೆಗೆ ನಾನು ಬಾಯಿ ತೆರೆಯುವಂತಿಲ್ಲ.

ಮೌಲಾಸಾಬ ಮೊದಲ ದಿಂಬಿನ ಮೇಲೆ ಬಂದು ನಿಂತಿದ್ದ. ಚೆಂಡು ಗಾಳಿಯಲ್ಲಿರುವಾಗ ಅದನ್ನು ಹೊಡೆದವನು ತಾನು ಮುಟ್ಟಿದ ದಿಂಬನ್ನು ಬಿಟ್ಟು ಹೋದರೆ ಆ ಗಳಿಗೆಗೇ ಔಟು, ಪಂದ್ಯ ಅಲ್ಲಿಗೇ ಮುಕ್ತಾಯ ಎಂದು ನಮ್ಮ ಪುಸ್ತಕದಲ್ಲಿದೆ. ಒಂದು ವಾರವಾದ ಮೇಲೆ ಕೊಟ್ರಬಸಪ್ಪನವರು ಅವನ ಹತ್ತಿರ ಹೋಗಿ, ‘ತಮ್ಮಾ, ಕೆಳಗ ಇಳಿದುಬಿಡಪಾ, ಎಲ್ಲಾರೂ ಮನೀಗೆ ಹೋಗೂಣು’ ಎಂದು ಬೇಡಿಕೊಂಡರು. ಹುಡುಗ ಇಳಿಯುವುದರಲ್ಲಿದ್ದ. ಆಗ ಎಡ ಮೈದಾನದಿಂದ, ಮುಖ ಆಕಾಶಕ್ಕಿಟ್ಟುಕೊಂಡೇ, ದಾನಪ್ಪ ಕೂಗಿದ.

‘ಇಳೀಬ್ಯಾಡೋ! ನೀ ಇಳಿದ್ರ ನನ್ನ ಚೆಂಡಿನ ಗತಿ ಏನು? ನಾ ನಂದು ಅಂದೀನಿ!’

ಮೌಲಾಸಾಬ ಕಾಲು ಹಿಂದಕ್ಕೆ ತೆಗೆದುಕೊಂಡ. ಹೊಡೆದ ತಪ್ಪು ತನ್ನದು ಎಂಬ ಸಂಕೋಚ ಅವನಿಗಿತ್ತು. ‘ಆತು ಬಿಡು, ನೀ ಹಿಡಿಯೂ ತನಾ ನಿಂದರ್ತೀನಿ’ ಎಂದ. ಮುಂದಿನ ವಾರದೊಳಗೆ ಆದೀತು ಎಂದುಕೊಂಡಿದ್ದ ಪಾಪ.

ನಮ್ಮ ತಂಡಕ್ಕೆ ಆಡುವವನು ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿಯೇ ಇರಬೇಕಷ್ಟೆ. ಹಾಗಾಗಿ ದಾನಪ್ಪ ಓದುತ್ತಲೇ ಹೋದ. ಇತಿಹಾಸದಲ್ಲಿ ಎಂ.ಎ., ಭೂಗೋಳದಲ್ಲಿ ಎಂ.ಎ., ತತ್ತ್ವಶಾಸ್ತ್ರ, ಸಮಾಜಶಾಸ್ತ್ರ, ಗೃಹವಿಜ್ಞಾನದಲ್ಲೊಂದು ಡಿಪ್ಲೊಮಾ. ಮೇಷ್ಟರುಗಳೇ ಎಡ ಮೈದಾನಕ್ಕೆ ಬಂದು ಪಾಠ ಹೇಳುತ್ತಿದ್ದರು. ಅವನು ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದು ಓದುತ್ತಿದ್ದ, ಅಂಚಿನಾಚೆ ಆಕಾಶ ಕಾಣುವ ಹಾಗೆ. ಕೊಡೆ ಹಿಡಿಯುವಂತಿಲ್ಲ, ಗುಡಿಸಲು ಹಾಕುವಂತಿಲ್ಲ. ಮದುವೆಯೂ ಅಲ್ಲೇ ಆಯಿತು. ಮಗ ಹುಟ್ಟಿ, ಬೆಳೆದು, ಎಂ.ಎ. ಭೂಗೋಳದಲ್ಲಿ ಅಪ್ಪನ ಸಹಪಾಠಿಯಾಗಿ, ಅಪ್ಪನಿಗಿಂತ ಹೆಚ್ಚು ಅಂಕ ಪಡೆದು, ಅಲ್ಲೇ ಮೇಷ್ಟರಾದ. ಒಂದು ವರ್ಷ ಅಪ್ಪನ ಉತ್ತರಪತ್ರಿಕೆ ತಿದ್ದುವ ಪಾಳಿ ಬಂದಾಗ ಸ್ವಂತ ಅಪ್ಪನನ್ನೇ ಫೇಲು ಮಾಡಿದ. ‘ಬರೇ ಆಕಾಶದ ಬಗ್ಗೆ ಬರದಾರ್ರಿ’ ಎಂದು ನನ್ನ ಹತ್ತಿರ ಬಂದು ಅತ್ತ.

ಮೌಲಾಸಾಬ ಮೊದಲ ದಿಂಬಿನ ಮೇಲೆ ಚಹಾ ಅಂಗಡಿ ಹಾಕಿದ. ಒಂದು ಕಾಲು ಸದಾ ದಿಂಬಿನ ಮೇಲೆ, ಇನ್ನೊಂದು ವ್ಯಾಪಾರಕ್ಕೆ. ಅವನ ನಿಕಾಹ್ ಅಲ್ಲೇ ನಡೆಯಿತು, ಖರ್ಜೂರವನ್ನು ಎಸೆಯದೆ ಎಲ್ಲರ ಕೈಗೆ ಕೊಟ್ಟರು. ಅರ್ಧಕ್ಕೇ ನಿಂತ ಪಶುವೈದ್ಯವನ್ನು ಜನ ಬಿಡಲಿಲ್ಲ, ಎಮ್ಮೆಗೆ ಕಾಲುಬಾಯಿ ಜ್ವರ ಬಂದರೆ ಮೊದಲ ದಿಂಬಿಗೆ ಹೊಡೆದುಕೊಂಡು ಬರುತ್ತಿದ್ದರು. ಅವನ ಕಾಲೇಜು ಅವನನ್ನು ಯಾವತ್ತೋ ಮರೆತಿತ್ತು. ಅಲ್ಲಿ ಬೇಸ್‌ಬಾಲೇ ನಿಂತುಹೋಗಿತ್ತು. ಸೋಲೋ ಗೆಲುವೋ ಅವನಿಗೆ ಏನೂ ಆಗಬೇಕಿರಲಿಲ್ಲ. ದಾನಪ್ಪನಿಗೆ ಕೊಟ್ಟ ಒಂದು ಮಾತಿಗೆ ಕಟ್ಟುಬಿದ್ದು ನಿಂತಿದ್ದ. ಇಬ್ಬರೂ ಮೈದಾನದ ಆಚೆ ತುದಿ ಈಚೆ ತುದಿಯಿಂದ ಕೂಗಿಕೂಗಿ ಮಾತಾಡಿ, ಇಬ್ಬರ ಸಂಸಾರದ ಗುಟ್ಟೂ ಇಡೀ ವಿಶ್ವವಿದ್ಯಾಲಯಕ್ಕೆ ಗೊತ್ತಿತ್ತು. ದಾನಪ್ಪ ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ತಲೆ ತಗ್ಗಿಸಿ ಅವನ ಕಡೆ ನೋಡಿರಲಿಲ್ಲ. ನೋಡಿದ ಗಳಿಗೆಗೇ ಚೆಂಡು ಬಂದರೆ?

ಕಳೆದ ಬೇಸಿಗೆಯಲ್ಲಿ ಹೊಸ ಕುಲಪತಿ ಬಂದರು. ಡಾಕ್ಟರ್ ಅನಂತಶಯನ ಎಂದು, ಹೊರಗಿನವರು, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಅರವತ್ತು ತುಂಬಿದವರು ವಿದ್ಯಾರ್ಥಿಗಳಾಗಿ ಮುಂದುವರಿಯುವಂತಿಲ್ಲ ಎಂದು ಆದೇಶ ಹೊರಡಿಸಿ, ನನ್ನನ್ನು ಕರೆಸಿ ಕೂರಿಸಿದರು.

‘ನೋಡಿ ಮೇಡಂ, ಅವರಿಗೂ ವಿಶ್ರಾಂತಿ ಬೇಡವೇ? ಅವರ ಜಾಗಕ್ಕೆ ಒಬ್ಬ ಚುರುಕಾದ ವಿದ್ಯಾರ್ಥಿನಿಯನ್ನು ನಿಲ್ಲಿಸೋಣ. ನಿಮ್ಮ ಪುಸ್ತಕದಲ್ಲೇ ಇದೆಯಂತಲ್ಲ, ಬದಲಿ ಆಟಗಾರರಿಗೆ ಅವಕಾಶ.’

ಇತ್ತು. ಅಂಪೈರು ಬಾಯಿಬಿಟ್ಟು ಹೇಳಿದ ಕ್ಷಣದಿಂದ ಬದಲಿ ಜಾರಿ, ಅಲ್ಲಿಯವರೆಗೆ ಹಳಬನೇ ಆಟಗಾರ ಎಂದೂ ಇತ್ತು. ನಾನು ಅದನ್ನು ಹೇಳಲು ಹೋಗಲಿಲ್ಲ.

ದಾನಪ್ಪನಿಗೆ ಜೂನ್ ಒಂದಕ್ಕೆ ಅರವತ್ತು. ನಮ್ಮ ಕಾಲದವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮೇಷ್ಟರು ‘ಯಾವತ್ತು ಹುಟ್ಯಾನ?’ ಎಂದು ಕೇಳಿದರೆ ಅವ್ವಂದಿರು ‘ಜ್ವಾಳ ರಾಶಿ ಮಾಡೂ ಮುಂದ’ ಎನ್ನುತ್ತಿದ್ದರು, ಮೇಷ್ಟರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಜೋಳದ ರಾಶಿಯೆಂದರೆ ಮಾಘ ಮಾಸ. ಲೆಕ್ಕಕ್ಕೆ ಅವನಿಗೆ ಇನ್ನೂ ಎಂಟು ತಿಂಗಳಿತ್ತು ಎಂದು ವಾದಿಸಿದೆ. ಕುಲಪತಿಗಳು ಮೃದುವಾಗಿ ನಕ್ಕು ಅಂಕಪಟ್ಟಿಗಳನ್ನು ತೋರಿಸಿದರು. ಹನ್ನೆರಡು ಅಂಕಪಟ್ಟಿಯಲ್ಲೂ ಜೂನ್ ಒಂದೇ ಇತ್ತು.

ದಾನಪ್ಪನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೋದಾಗ ಪುಸ್ತಕ ಎತ್ತಿ ಹಿಡಿದು ಓದುತ್ತಿದ್ದ. ಪುಸ್ತಕ ತಲೆಕೆಳಗಾಗಿತ್ತು.

‘ದಾನಪ್ಪ, ಕಣ್ಣು ಕಾಣಸ್ತಾವೋ ಇಲ್ಲೋ?’

‘ಕಾಣಸ್ತಾವ್ರಿ ಅಕ್ಕಾವ್ರ. ಬೆಳಕು ಕಾಣಸ್ತೈತಿ.’ ಪುಸ್ತಕ ಮುಚ್ಚಿದ. ‘ಪೊರಿ ಬಂದಾವಂತ. ತಗಸಿದ್ರ ಎಂಟು ದಿನ ಪಟ್ಟಿ ಕಟಗೊಂಡು ಮಕ್ಕೋಬೇಕಂತ. ಆ ಎಂಟು ದಿನದಾಗ ಬಂತಂದ್ರ ಏನ್ ಮಾಡ್ಲಿ? ಮೌಲಾಗ ಅಷ್ಟ ಗೊತ್ತೈತಿ, ಮನ್ಯಾಕಿ ಹೋಗಿ ಕಿವ್ಯಾಗ ಹೇಳ್ಯಾಳ. ಯಾರಿಗೂ ಹೇಳಬ್ಯಾಡ್ರಿ.’

ಆದೇಶದ ವಿಷಯ ಹೇಳಿದೆ.

‘ಬ್ಯಾರೇದವರು ಹಿಡೀಬಹುದು’ ಎಂದ. ‘ಚಲೋ ಕಣ್ಣಿನವರು ಹಿಡೀತಾರ, ಗೆಲ್ಲತೇವಿ, ಅದೂ ಖರೆ. ಆದ್ರ ಅವತ್ತು ನಾ ನಂದು ಅಂದಾಗ ಮೂರು ಮಂದಿ ಹಿಂದ ಸರದ್ರಲ್ರಿ. ಅವರೊಳಗ ಸಣ್ಣಭರಮ ನನಗಿಂತ ಚಲೋ ಹಿಡೀತಿದ್ದ. ನನ್ನ ಮಾತು ಕೇಳಿ ಸರದಾ. ಅಂವ ತೀರಿಕೊಂಡು ಆರು ವರ್ಷ ಆತು. ಅಂವಗ ನಾ ಏನಂತ ಹೇಳ್ಲಿ?’

ಗ್ರಂಥಾಲಯದಲ್ಲಿ ಮೂವತ್ತು ವರ್ಷ ‘ಸದ್ದು ಮಾಡಬೇಡಿ’ ಎಂದು ಗದರಿದವಳು, ಅವತ್ತು ಕಪಾಟಿನ ಹಿಂದೆ ಹೋಗಿ ಅತ್ತೆ.

ಜೂನ್ ಒಂದರ ಬೆಳಿಗ್ಗೆ ಹತ್ತಕ್ಕೆ ಸಮಾರಂಭ. ಶಾಮಿಯಾನ ಹಾಕಿದ್ದರು, ದಾನಪ್ಪನ ತಲೆಯ ಮೇಲಿನ ಭಾಗ ಮಾತ್ರ ತೆರೆದಿಟ್ಟಿದ್ದರು. ಧ್ವನಿವರ್ಧಕಗಳನ್ನು ನಾಲ್ಕೂ ಮೂಲೆಗೆ ಕಟ್ಟಿದ್ದರು. ಬದಲಿಯಾಗಿ ನಿಲ್ಲಬೇಕಿದ್ದವಳು ಭುವನಾ, ಎಂ.ಎಸ್ಸಿ. ಓದುವ ಹುಡುಗಿ, ಹದ್ದಿನ ಕಣ್ಣು. ಅವಳು ಬಂದು ನನ್ನ ಕಿವಿಯಲ್ಲಿ, ‘ಅಕ್ಕಾವ್ರ, ನನಗ ಇದು ಮನಸ್ಸಿಗೆ ಬರವಲ್ದು’ ಎಂದಳು. ‘ಸುಮ್ನ ನಿಂದರು’ ಎಂದೆ. ಮೌಲಾಸಾಬ ದೂರದ ದಿಂಬಿನ ಮೇಲೆ ಒಂಟಿಕಾಲಲ್ಲಿ, ಚಹಾ ಮಾಡುವುದನ್ನೂ ಬಿಟ್ಟು, ಆಕಾಶ ನೋಡುತ್ತಿದ್ದ. ದಾನಪ್ಪನ ಕಣ್ಣಿಗೆ ಪೊರೆ ಬಂದ ದಿನದಿಂದ ಅವನ ಪಾಲಿನ ಆಕಾಶವನ್ನೂ ಅವನೇ ನೋಡುತ್ತಿದ್ದ.

ಕುಲಪತಿಗಳ ಭಾಷಣ ಸೇವೆ, ತ್ಯಾಗ ಎಂದು ಗುಡುಗುತ್ತಿತ್ತು. ಶಾಲು ಹೊದಿಸಿದರು, ಪೇಟ ತೊಡಿಸಿದರು. ದಾನಪ್ಪ ಕೈಚೀಲ ಬಿಚ್ಚಿದ. ಮೂವತ್ತೆಂಟು ವರ್ಷದಿಂದ ಬಿಚ್ಚದ ಚೀಲ, ಒಳಗಿನ ಕೈ ಬೆಳ್ಳಗೆ, ಮಗುವಿನದರಂತೆ ಇತ್ತು. ಭುವನಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕುಲಪತಿಗಳು ಈಗ ನೀವು ಘೋಷಿಸಿ ಎಂಬಂತೆ ನನ್ನತ್ತ ನೋಡಿದರು. ನಾನು ಕೆಮ್ಮಿದೆ. ನೀರು ಕೇಳಿದೆ. ಕನ್ನಡಕ ಒರೆಸಿದೆ. ಮತ್ತೆ ಕೆಮ್ಮಿದೆ.

ಆಗ ಮೊದಲ ದಿಂಬಿನಿಂದ ಮೌಲಾಸಾಬ ಬಾಯಿ ತೆರೆದು ಏನೋ ಕೂಗುತ್ತಿರುವುದು ಕಾಣಿಸಿತು. ಕೇಳಿಸಲಿಲ್ಲ, ಧ್ವನಿವರ್ಧಕದಲ್ಲಿ ನಾದಸ್ವರ ಹಚ್ಚಿದ್ದರು. ಅವನು ಕೈ ಬೀಸಿದ, ಮೇಲೆ ತೋರಿಸಿದ. ನಾನು ತಲೆ ಎತ್ತಿದೆ. ಸಾಸಿವೆಯಷ್ಟು ಕಪ್ಪು.

‘ಮ್ಯಾಲ!’ ಎಂದು ಯಾರೋ ಚೀರಿದರು. ಇಡೀ ಶಾಮಿಯಾನ ತಲೆ ಮುಚ್ಚಿಕೊಂಡು ಕುರ್ಚಿಗಳ ಕೆಳಗೆ ಸೇರಿತು. ಭುವನಾ ಚೀಲ ಹಿಡಿದು ಎರಡು ಹೆಜ್ಜೆ ಓಡಿದಳು. ಅವಳಿಗೆ ಚೆಂಡು ಚೆನ್ನಾಗಿ ಕಂಡಿತ್ತು, ಸರಿಯಾಗಿ ಅದರಡಿಗೇ ಹೊರಟಿದ್ದಳು.

‘ನಂದು!’

ಪೇಟ ಶಾಲು ಕಿತ್ತೆಸೆದು, ಬರಿಗೈ ಎರಡನ್ನೂ ಎತ್ತಿ, ದಾನಪ್ಪ ಎಲ್ಲೋ ನೋಡುತ್ತ ಕೂಗಿದ. ಭುವನಾ ನಿಂತಳು. ಆ ಹುಡುಗಿಗೆ ದೇವರು ಒಳ್ಳೆಯದು ಮಾಡಲಿ, ಒಂದು ಮಾತೂ ಆಡದೆ ಹಿಂದೆ ಸರಿದಳು. ದಾನಪ್ಪ ಬಲಕ್ಕೆ ಹೆಜ್ಜೆ ಇಟ್ಟ. ಚೆಂಡು ಎಡಕ್ಕಿತ್ತು.

ಆಗ ಮೌಲಾಸಾಬ ಓಡಿದ. ಅರವತ್ತರ ಹತ್ತಿರದ ಮನುಷ್ಯ, ಒಂದು ಕಾಲಿಗೆ ಮೂವತ್ತೆಂಟು ವರ್ಷದ ಜೋಮು, ಲುಂಗಿ ಎತ್ತಿ ಕಟ್ಟಿಕೊಂಡು, ಮೈದಾನವನ್ನು ಅಡ್ಡ ಹಾಯ್ದು, ಬಿದ್ದು, ಎದ್ದು, ಕುಂಟುತ್ತ, ದಾನಪ್ಪನ ಹತ್ತು ಮಾರು ಹತ್ತಿರ ಬಂದು ಕೂಗಿದ.

‘ಎಡಕ್ಕ! ಎಡಕ್ಕ ಬಾರೋ! ಮೂರು ಹೆಜ್ಜಿ! ಇನ್ನೊಂದು! ಹಾಂ, ಹಿಂದ ಒಂದು! ನಿಂದರು! ಕೈ ಕೂಡ್ಸು! ಎದಿಗೆ ಹಚ್ಚಿ ಕೂಡ್ಸು! ಬಂತು, ಬಂತು, ಬಂತು...’

ಚೆಂಡು ದಾನಪ್ಪನ ಬರಿಗೈಗಳಿಗೆ ಬಿತ್ತು. ಎದೆಗೆ ಅವುಚಿಕೊಂಡು ಅವನು ಹಿಂದಕ್ಕೆ ಕೂತುಬಿಟ್ಟ. ಬಿಡಲಿಲ್ಲ. ನಾದಸ್ವರವನ್ನು ಯಾರೋ ನಿಲ್ಲಿಸಿದರು. ಕುಲಪತಿಗಳು ಕುರ್ಚಿಯ ಕೆಳಗಿಂದ ತಲೆ ಹೊರಹಾಕಿದರು.

‘ಅಕ್ಕಾವ್ರ, ಏನಾತ್ರಿ?’ ದಾನಪ್ಪ ಕೇಳಿದ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮೊದಲ ದಿಂಬಿನ ಕಡೆ ತಿರುಗಿದೆ. ಅದು ಖಾಲಿ ಬಿದ್ದಿತ್ತು. ನಡುವೆ ಒಂದು ಪಾದದ ಗುಂಡಿ, ಪಕ್ಕದಲ್ಲಿ ಉಕ್ಕುತ್ತಿರುವ ಚಹಾ. ಚೆಂಡು ಕೈಸೇರುವ ಎಷ್ಟೋ ಮೊದಲೇ ಆ ಕಾಲು ದಿಂಬು ಬಿಟ್ಟಿತ್ತು. ಪುಸ್ತಕದ ಪ್ರಕಾರ ಪಂದ್ಯ ಆ ಗಳಿಗೆಗೇ ಮುಗಿದು, ನಾವು ಗೆದ್ದು, ದಾನಪ್ಪ ಹಿಡಿದದ್ದು ಲೆಕ್ಕಕ್ಕೇ ಬಾರದ ಒಂದು ಚೆಂಡು. ಹಾಗೆ ಹೇಳಬೇಕಾದವಳು ಭೂಮಿಯ ಮೇಲೆ ನಾನೊಬ್ಬಳೇ.

ಬಲಗೈ ಎತ್ತಿದೆ. ‘ಔಟ್!’ ಎಂದೆ. ‘ದಾನಪ್ಪ ಹಿಡದಾನ. ಔಟ್!’ ಮೂವತ್ತೆಂಟು ವರ್ಷ ಬಾಯೊಳಗಿಟ್ಟುಕೊಂಡ ಮಾತು, ಹೊರಬಿದ್ದ ಜೋರಿಗೆ ನನಗೇ ಹೆದರಿಕೆಯಾಯಿತು.

ಕೇಕೆ ಎದ್ದಿತು. ಊರಿನ ಪದ್ಧತಿ ಇನ್ನೂ ಮೈಗೂಡದ ಕುಲಪತಿಗಳು ಸಂತೋಷ ತಡೆಯಲಾರದೆ ತಮ್ಮ ಪೇಟವನ್ನು ಮೇಲಕ್ಕೆ ಹಾರಿಸಿ, ಕೈ ಚಾಚಿಕೊಂಡು ಕಾಯುತ್ತ ನಿಂತರು. ಯಾರೂ ಅವರಿಗೆ ಏನೂ ಹೇಳಲಿಲ್ಲ.

ದಾನಪ್ಪ ನಿಧಾನವಾಗಿ ಕುತ್ತಿಗೆ ಇಳಿಸಿದ. ಎಲುಬು ಕಟಕಟ ಎಂದದ್ದು ನನಗೂ ಕೇಳಿಸಿತು. ಮೌಲಾಸಾಬ ಅವನ ಎದುರು ನೆಲದ ಮೇಲೆ ಏದುಸಿರು ಬಿಡುತ್ತ ಕೂತಿದ್ದ. ದಾನಪ್ಪ ಮುಖವನ್ನು ಮುಖಕ್ಕೆ ತಾಗುವಷ್ಟು ಹತ್ತಿರ ಒಯ್ದು ಕಣ್ಣು ಕಿರಿದು ಮಾಡಿ ನೋಡಿದ. ಗಡ್ಡ ಮುಟ್ಟಿದ.

‘ಅಯ್ಯ, ಎಷ್ಟ ಮುದುಕ ಆಗೀಯೋ ಮೌಲಾ!’

‘ನೀ ಏನ್ ಕಡಿಮಿ ಆಗೀ? ಏಳು, ಚಾ ಉಕ್ಕಾಕತ್ತೈತಿ.’

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆದರು. ಒಬ್ಬನಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ಕಾಲಿಲ್ಲ. ಮೈದಾನ ದಾಟಲು ಬಹಳ ಹೊತ್ತು ಹಿಡಿಯಿತು.

ಮೂರನೆಯ ಖಾಲಿ ಜಾಗವನ್ನು ಅಂದೇ ಮಧ್ಯಾಹ್ನ ಮೌಲಾಸಾಬನ ಅಂಗಡಿಯ ಬೆಂಚಿನ ಮೇಲೆ ಕೂತು ತುಂಬಿದೆ. ಗೆದ್ದವು: ಒಂದು. ಹಿಡಿದವನು ದಾನಪ್ಪ. ಬೆಂಚಿನ ಆ ತುದಿಯಲ್ಲಿ ದಾನಪ್ಪ ಚೆಂಡನ್ನು ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ, ತನ್ನ ಬಟ್ಟಲಿನ ಚಹಾವನ್ನು ನೋಡುತ್ತ ಕುಡಿಯುತ್ತಿದ್ದ. ಮೌಲಾಸಾಬ ಬಟ್ಟಲು ಕೊಡುವ ನೆಪದಲ್ಲಿ ನನ್ನ ಹತ್ತಿರ ಬಗ್ಗಿದ.

‘ಅಕ್ಕಾವ್ರ,’ ಎಂದ ಮೆಲ್ಲಗೆ, ‘ನನ್ನ ಕಾಲು ನೋಡಿದ್ರೇನ್ರಿ?’

‘ಯಾವ ಕಾಲು?’ ಎಂದೆ.

ಅವನು ನನ್ನ ಬಟ್ಟಲಿಗೆ ಇನ್ನಷ್ಟು ಸಕ್ಕರೆ ಹಾಕಿದ.